ಕುದುರೆ ಮೇಯುವ ಹುಲ್ಲುಗಾವಲು: ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಕೃಷ್ಣಗಿರಿ ಜಿಲ್ಲೆಯ ತಳಿ ಹತ್ತಿರ. ಬಸ್ಸಿನ ಬೋರ್ಡು ತಮಿಳು, ಮನೆಮಾತು ಕನ್ನಡ, ಸಂತೆಗೆ ಹೋದರೆ ತೆಲುಗೂ ಬೇಕು. ನಾಲ್ಕು ಎಕರೆ ಕೆಂಪು ಮಣ್ಣು, ಮೂರು ಕುದುರೆ. ಆ ನೆಲ ಮೊದಲು ರಾಗಿ ಹೊಲ, ಆಮೇಲೆ ನೀಲಗಿರಿ ತೋಪು, ಆಮೇಲೆ ಎರಡು ವರ್ಷ ಬರೀ ಧೂಳು. ಆ ಧೂಳಿಗೆ ಕಾರಣ ನಾವೇ. ಈಗ ಹುಲ್ಲಿದೆ. ಹೊಸೂರು, ಬಾಗಲೂರು, ಡೆಂಕಣಿಕೋಟೆ ಕಡೆ ಕುದುರೆ ಸಾಕಿದವರು ಬಂದು ನೋಡುತ್ತಾರೆ, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಬೇಲಿ ಹಾಕಿ ಬೇರೆ ಮಾಡಿದ ಭಾಗಕ್ಕೆ ಕುದುರೆಯವರು ಪ್ಯಾಡಕ್ ಅನ್ನುತ್ತಾರೆ. ನಮ್ಮ ಮಾವ ತಾಕು ಅನ್ನುತ್ತಾರೆ. ನಾನೂ ತಾಕು ಅಂತಲೇ ಬರೆಯುತ್ತೇನೆ.

ಅಕ್ಕ, ಒಂದು ಕುದುರೆಗೆ ಎಷ್ಟು ಜಾಗ ಬೇಕು? 50 ಸೆಂಟ್, ಅಂದರೆ ಅರ್ಧ ಎಕರೆ, ಸಾಕಾ?

ಓಡಾಡಲು ಸಾಕು, ಹೊಟ್ಟೆಗೆ ಸಾಲದು. ಲೆಕ್ಕ ನೋಡಿ. 350 ಕೆಜಿ ತೂಕದ ಕುದುರೆಗೆ ದಿನಕ್ಕೆ ಸುಮಾರು 7 ಕೆಜಿ ಒಣಮೇವು ಬೇಕು. ಹಸಿ ಹುಲ್ಲಿನಲ್ಲಿ ಐದು ಪಾಲಿಗೆ ನಾಲ್ಕು ಪಾಲು ನೀರೇ. ಅಂದರೆ ದಿನಕ್ಕೆ 35 ಕೆಜಿ ಹಸಿ ಹುಲ್ಲು. ಒಳ್ಳೆ ಮಳೆ ಬಿದ್ದ ತಿಂಗಳಲ್ಲಿ ಒಂದು ಎಕರೆ ಇದನ್ನು ಕೊಟ್ಟೀತು. ಫೆಬ್ರವರಿಯಲ್ಲಿ ಖಂಡಿತ ಕೊಡುವುದಿಲ್ಲ.

"ಕುದುರೆಗೊಂದು ಎಕರೆ" ಅಂತ ಬರೆದಿರುವ ಪುಸ್ತಕಗಳೆಲ್ಲ ವರ್ಷಪೂರ್ತಿ ಜಿನುಗು ಮಳೆ ಬೀಳುವ ದೇಶಗಳವು. ನಮ್ಮಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲೂ ಮೇ ತಿಂಗಳಲ್ಲಿ ಸ್ವಲ್ಪ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಜಾಸ್ತಿ. ಬೋರ್‌ವೆಲ್ ನೀರು ಇದ್ದರೂ ಅರ್ಧ ವರ್ಷ ಒಣಮೇವು ಕೊಂಡು ತರಬೇಕು ಅಂದುಕೊಂಡೇ ಶುರುಮಾಡಿ.

ನಮ್ಮ ಬಯಲು ಪೂರ್ತಿ ಬೋಳಾಗಿದೆ. ಉತ್ತು ಹೊಸದಾಗಿ ಬಿತ್ತಬೇಕಾ?

ತಡೀರಿ. ಟ್ರ್ಯಾಕ್ಟರ್‌ನವರಿಗೆ ಇನ್ನೂ ಫೋನ್ ಮಾಡಬೇಡಿ.

ನಾವು ಮಾಡಿದ್ದು ಅದೇ. ತೋಪಿನ ಬುಡಗಳನ್ನು ಕೀಳಿಸಿ, ಎರಡು ಸಲ ಉಳುಮೆ ಮಾಡಿಸಿ, ಅಂಗಡಿಯಿಂದ ಹುಲ್ಲಿನ ಬೀಜ ತಂದು ಎರಚಿದೆವು. ಅಂಗಡಿಯ ಹೆಸರು ಬೇಡ, ಬೀಜ ಹಳೇದು. ಹುಟ್ಟಿದ್ದು ಅಲ್ಲೊಂದು ಇಲ್ಲೊಂದು. ಆದರೆ ಉತ್ತ ನೆಲಕ್ಕೆ ಪಾರ್ಥೇನಿಯಂ ಕಳೆ ಮಾತ್ರ ಹಬ್ಬದ ಊಟಕ್ಕೆ ಬಂದ ಹಾಗೆ ಬಂತು. ಮಾವ ಜಗಲಿ ಮೇಲೆ ಕೂತು ನೋಡುತ್ತಿದ್ದರು. "ಹುಲ್ಲು ಇತ್ತಲ್ಲಮ್ಮ, ಯಾಕೆ ಕಿತ್ತು ಬಿಸಾಕಿದ್ರಿ?" ಅಂದರು. ಎಲ್ಲಿತ್ತು ಅಂತ ನಾನು ಜಗಳಕ್ಕೇ ನಿಂತೆ.

ಅವರು ತೋರಿಸಿದ್ದು ಇದು. ಮಳೆಗೆ ಮುಂಚೆ ಬಯಲಿನ ಮಧ್ಯ ಮಂಚದಷ್ಟು ಜಾಗಕ್ಕೆ ನಾಲ್ಕು ಗೂಟ ಹೊಡೆದು ಸುತ್ತ ಮುಳ್ಳು ಸೇರಿಸಿ, ಕುದುರೆ ಬಾಯಿ ಹಾಕದ ಹಾಗೆ. ಎರಡು ಒಳ್ಳೆ ಮಳೆ ಬಿದ್ದ ಮೇಲೆ ಒಂದು ತಿಂಗಳು ಬಿಟ್ಟು ನೋಡಿ. ಒಳಗೆ ಹಸಿರಾಗಿ ಹೊರಗೆ ಬೋಳಾಗಿಯೇ ಇದ್ದರೆ ನಿಮ್ಮ ನೆಲಕ್ಕೆ ಬೀಜ ಬೇಡ, ಬಿಡುವು ಬೇಕು. ಗೇಟು ಹಾಕಿ ಅಷ್ಟೇ. ನಮ್ಮ ಗೂಟಗಳ ಒಳಗೆ ಗರಿಕೆ ಬಂತು. ಒಂದು ಬಳ್ಳಿಯ ತುದಿಗೆ ಊದುಬತ್ತಿ ಕಡ್ಡಿ ಚುಚ್ಚಿ ಗುರುತು ಮಾಡಿದ್ದೆ. ಮುಂದಿನ ವಾರ ನೋಡಿದರೆ ಬಳ್ಳಿ ಕಡ್ಡಿಯಿಂದ ಒಂದು ಗೇಣು ಮುಂದೆ ಹೋಗಿತ್ತು. ಗೆಣ್ಣು ಗೆಣ್ಣಿಗೂ ಕೆಳಗೆ ಬಿಳಿ ಬೇರು, ಮೇಲೆ ಎರಡೆರಡು ಎಲೆ. ಹರಿದು ಎತ್ತಲು ಹೋದರೆ ಬೇರು ಮಣ್ಣು ಬಿಡಲಿಲ್ಲ.

ಒಳಗೂ ಏನೂ ಬರದಿದ್ದರೆ, ಅಥವಾ ಬರೀ ಕಳೆ ಬಂದರೆ, ಆಗ ಬಿತ್ತನೆಯ ಮಾತು. ಅದಕ್ಕೂ ಮುಂಚೆ ಮಳೆ ಬಿದ್ದ ಮರುದಿನ ಹಾರೆ ಚುಚ್ಚಿ ನೋಡಿ. ನಾಲ್ಕು ಬೆರಳು ಇಳಿಯುವಷ್ಟರಲ್ಲಿ ಟಣ್ ಅಂದರೆ ಗೊರಸಿನ ತುಳಿತಕ್ಕೆ ಮಣ್ಣು ಬಿಗಿದಿದೆ ಅಂತ ಅರ್ಥ. ಅಂಥ ಕಡೆ ಮಣ್ಣು ಮಗುಚದೆ, ಕೊರೆದು ಸಡಿಲ ಮಾಡುವ ನೇಗಿಲು ಒಂದು ಸಲ ಹೊಡೆಸಿದರೆ ಸಾಕು.

ಅದೇ ಜಾಗದಲ್ಲಿ ಹಸು ಕಟ್ಟುತ್ತಿದ್ದಾಗ ಹುಲ್ಲು ಚೆನ್ನಾಗಿಯೇ ಇತ್ತಲ್ಲ?

ಹಸು ನಾಲಿಗೆಯಲ್ಲಿ ಮೇಯುತ್ತದೆ, ಕುದುರೆ ಹಲ್ಲಿನಲ್ಲಿ ಮೇಯುತ್ತದೆ. ಹಸುವಿಗೆ ಮೇಲಿನ ಮುಂಬಲ್ಲು ಇಲ್ಲ. ನಾಲಿಗೆ ಸುತ್ತಿ ಎಳೆಯುವಾಗ ಬುಡದಲ್ಲಿ ಸ್ವಲ್ಪ ಬಿಟ್ಟೇ ಹೋಗುತ್ತದೆ. ಕುದುರೆಗೆ ಮೇಲೂ ಕೆಳಗೂ ಹಲ್ಲಿದೆ, ಕತ್ತರಿ ಹಾಕಿದ ಹಾಗೆ ನೆಲಕ್ಕೆ ಸವರುತ್ತದೆ. ಎಳೇ ಚಿಗುರು ರುಚಿ ಅಂತ ಮೇದ ಕಡೆಯೇ ಮತ್ತೆ ಮೇಯುತ್ತದೆ. ಬಿಟ್ಟರೆ ದಿನಕ್ಕೆ ಹದಿನೈದು ಹದಿನಾರು ಗಂಟೆ ಬಾಯಾಡಿಸುತ್ತಲೇ ಇರುತ್ತದೆ. ಮಿಕ್ಕ ಸಮಯದಲ್ಲಿ ಬೇಲಿಯುದ್ದಕ್ಕೂ ಓಡಿ ಕಾಲುದಾರಿ ಮಾಡುತ್ತದೆ. ಒಂದೇ ಕಡೆ ಲದ್ದಿ ಹಾಕಿ, ಆ ಜಾಗದ ಹುಲ್ಲು ಎಷ್ಟೇ ಸೊಂಪಾಗಿದ್ದರೂ ಮೂಸಿ ಬಿಟ್ಟು ಹೋಗುತ್ತದೆ. ಹಾಗಾಗಿ ಅರ್ಧ ತಾಕು ಕ್ಷೌರ ಮಾಡಿದ ತಲೆ, ಇನ್ನರ್ಧ ಕಾಡು. ಅದರ ತಪ್ಪಲ್ಲ, ಬಾಯಿ ಇರುವುದೇ ಹಾಗೆ.

ಬಿತ್ತಲೇಬೇಕು ಅಂದರೆ ಯಾವ ಹುಲ್ಲು?

ನನ್ನ ಮೊದಲ ಓಟು ಗರಿಕೆಗೆ. ತುಳಿತ ತಡೆಯುತ್ತದೆ, ಬೇಸಿಗೆಯಲ್ಲಿ ಸತ್ತ ಹಾಗೆ ಮಲಗಿ ಮೊದಲ ಮಳೆಗೆ ಏಳುತ್ತದೆ, ಕುದುರೆಗೂ ಇಷ್ಟ. ಬೀಜ ಹುಡುಕಬೇಡಿ. ಗದ್ದೆ ಬದುವಿನಿಂದ ಬೇರು ಸಮೇತ ಕಿತ್ತು ತಂದು, ಗೇಣುದ್ದದ ತುಂಡು ಮಾಡಿ, ಒಂದಡಿಗೊಂದರಂತೆ ನೆಡಿ. ರಾಗಿ ಬೆಳೆಯುವವರು "ನಾವು ಜೀವಮಾನವೆಲ್ಲ ಕಿತ್ತು ಬಿಸಾಕಿದ್ದನ್ನ ನೀನು ನೆಡ್ತೀಯಲ್ಲ ತಾಯಿ" ಅಂತ ನಗುತ್ತಾರೆ. ನಗಲಿ. ಕಿತ್ತದ್ದನ್ನು ಬಿಟ್ಟಿ ಕೊಡುತ್ತಾರಲ್ಲ.

ನೀರಾವರಿ ಇದ್ದರೆ, ಕೊಯ್ದು ಒಣಗಿಸಿ ಇಡುವ ಆಸೆಯೂ ಇದ್ದರೆ ರೋಡ್ಸ್ ಹುಲ್ಲು. ಆಫ್ರಿಕಾದ ಹುಲ್ಲು ಇದು, ಹೆಸರು ಬಂದದ್ದು ಸೆಸಿಲ್ ರೋಡ್ಸ್‌ನಿಂದ. ಸಣ್ಣ ಕಾಂಡ, ಬೇಗ ಒಣಗುತ್ತದೆ, ನೆಲದ ಮೇಲೆ ಬಳ್ಳಿ ಬಿಟ್ಟು ಹಬ್ಬುತ್ತದೆ. ನೆರಳು ಮಾತ್ರ ಆಗುವುದಿಲ್ಲ. ಹುಣಸೆ ಮರದ ಕೆಳಗೆ ಹಾಕಿ ನನ್ನನ್ನು ಬಯ್ಯಬೇಡಿ. ಬೀಜ ಬೇಕಾದರೆ ಹೆಸರಘಟ್ಟದ ಪ್ರಾದೇಶಿಕ ಮೇವು ಕೇಂದ್ರದಲ್ಲಿ ವಿಚಾರಿಸಿ, ನಮಗೆ ಹತ್ತಿರವೂ ಹೌದು.

ಇಲ್ಲಿ ಎಲ್ಲರೂ ಹೇಳುವ ಇನ್ನೊಂದು ಅಂಜನ್ ಹುಲ್ಲು, ತಮಿಳಿನವರ ಕೊಳುಕ್ಕಟ್ಟೈ. ಬರಕ್ಕೆ ಜಗ್ಗದ ಗಟ್ಟಿ ಹುಲ್ಲು, ಕುರಿ ದನಕ್ಕೆ ಬಹಳ ಒಳ್ಳೇದು. ಕುದುರೆಗೆ ಅದೊಂದನ್ನೇ ಹಾಕುವುದು ಬೇಡ. ಕಾರಣ ಮುಂದಿನ ಉತ್ತರದಲ್ಲಿದೆ.

ಹಸುವಿಗೆ ಬೆಳೆದ ನೇಪಿಯರ್ ಹುಲ್ಲು ಬೇಕಾದಷ್ಟಿದೆ. ಅದನ್ನೇ ಕುದುರೆಗೂ ಹಾಕಿದರೆ ಏನು?

ಇದನ್ನು ಕೇಳಿದಾಗೆಲ್ಲ ನನಗೆ ನಮ್ಮ ಹೆಣ್ಣು ಕುದುರೆಯ ಮುಖ ನೆನಪಾಗುತ್ತದೆ.

ಅವಳನ್ನು ಅಂತಿಯೂರು ಗುರುನಾಥಸ್ವಾಮಿ ಜಾತ್ರೆಯಿಂದ ತಂದದ್ದು. ತಮಿಳರ ಆಡಿ ತಿಂಗಳಲ್ಲಿ ಅಲ್ಲಿ ಕುದುರೆ ಸಂತೆ ಸೇರುತ್ತದೆ, ಗೊತ್ತಲ್ವಾ. ಬಯಲು ಬೋಳಾಗಿದ್ದ ಆ ಎರಡು ವರ್ಷ ಬೆಳಿಗ್ಗೆ ಸಂಜೆ ನೇಪಿಯರ್, ಜೊತೆಗೆ ಎರಡು ಹೊತ್ತು ಗೋಧಿ ಬೂಸಾ. ಮೈ ತುಂಬಿಕೊಂಡಳು, ನಮಗೆ ಖುಷಿ. ಆರು ತಿಂಗಳಾದ ಮೇಲೆ ನಡಿಗೆ ಬಿಗಿಯಾಯಿತು. ಒಂದು ದಿನ ಮುಂದಿನ ಬಲಗಾಲು, ಇನ್ನೊಂದು ದಿನ ಹಿಂದಿನದು. ಲಾಳ ಸರಿಯಿಲ್ಲ ಅಂತ ಎರಡು ಸಲ ಲಾಳ ಬದಲಿಸಿದೆವು. ಕೊನೆಗೆ ಮೂಗಿನ ಮೇಲಿನ ಮೂಳೆ ಎರಡೂ ಕಡೆ ಊದಿದ ಹಾಗೆ ಕಂಡಾಗ ಡಾಕ್ಟರು ಬಂದು, ಮುಖ ಸವರಿ, ಮೊದಲು ಕೇಳಿದ್ದೇ "ಏನು ತಿನ್ನಿಸ್ತಾ ಇದೀರಿ?"

ನೇಪಿಯರ್, ಸೆಟೇರಿಯಾ, ಗಿನಿ ಹುಲ್ಲು, ಅಂಜನ್, ಇವುಗಳಲ್ಲಿ ಆಕ್ಸಲೇಟ್ ಜಾಸ್ತಿ. ಅದು ಹುಲ್ಲಿನಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಕುದುರೆಯ ಕರುಳಿಗೆ ಸಿಗದ ಹಾಗೆ ಮಾಡುತ್ತದೆ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆದು ಹಾಕುತ್ತವೆ, ಅದಕ್ಕೆ ಹಸು ಬಚಾವ್. ಕುದುರೆ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಖಾಲಿಯಾದ ಮೂಳೆಯಲ್ಲಿ ನಾರು ತುಂಬಿ ಮುಖ ಊದುತ್ತದೆ. ದೊಡ್ಡ ತಲೆ ರೋಗ ಅಂತಲೇ ಇದರ ಹೆಸರು. ಬೂಸಾದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಅದು ಉರಿಯುವ ಬೆಂಕಿಗೆ ತುಪ್ಪ.

ನೇಪಿಯರ್ ನಿಲ್ಲಿಸಿದೆವು. ಬೂಸಾ ಒಂದು ಹಿಡಿಗೆ ಇಳಿಯಿತು. ಡಾಕ್ಟರು ಹೇಳಿದ ಅಳತೆಗೆ ಕ್ಯಾಲ್ಸಿಯಂ ಪುಡಿ, ಜೊತೆಗೆ ಕುದುರೆ ಮಸಾಲ್ ಸೊಪ್ಪು. ಇಲ್ಲಿಯವರು ಲೂಸರ್ನ್‌ಗೆ ಹೇಳುವ ಹೆಸರದು, ಹೆಸರಲ್ಲೇ ಕುದುರೆ ಇದೆ. ನಡಿಗೆ ಕೆಲವು ತಿಂಗಳಲ್ಲಿ ಸರಿಯಾಯಿತು. ಮುಖದ ಉಬ್ಬು ಇನ್ನೂ ಕೈಗೆ ಸಿಗುತ್ತದೆ.

ಅಪರೂಪಕ್ಕೆ ಒಂದು ಹೊರೆ ನೇಪಿಯರ್ ತಿಂದರೆ ಏನೂ ಆಗದು. ದಿನವೂ ಅದೇ ಅಂದರೆ ಬೇಡ.

ಬಿತ್ತನೆ ಯಾವಾಗ, ಹೇಗೆ?

ನೀರಿದ್ದರೆ ಜೂನ್. ಮಳೆ ನಂಬಿದ್ದರೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರ. ಮೇ ತಿಂಗಳ ಗುಡುಗು ಮಳೆಗೆ ಮರುಳಾಗಬೇಡಿ, ಮೊಳಕೆ ಬಂದು ಜೂನ್ ಗಾಳಿಗೆ ಒಣಗಿಹೋಗುತ್ತದೆ.

ರೋಡ್ಸ್ ಬೀಜ ಹತ್ತಿಯ ಹಾಗೆ ಹಗುರ, ಗಾಳಿಗೆ ಪಕ್ಕದವರ ಹೊಲಕ್ಕೇ ಹೋಗುತ್ತದೆ. ಒಂದಕ್ಕೆ ನಾಲ್ಕರಷ್ಟು ಒದ್ದೆ ಮರಳು ಬೆರೆಸಿ, ಬೆಳಗಿನ ಹೊತ್ತು ಗಾಳಿ ಏಳುವ ಮುಂಚೆ ಎರಚಿ. ಮೊದಲು ಉದ್ದಕ್ಕೆ ಅರ್ಧ, ಆಮೇಲೆ ಅಡ್ಡಕ್ಕೆ ಅರ್ಧ. ಮಣ್ಣಿನಲ್ಲಿ ಆಳಕ್ಕೆ ಹೋಗಬಾರದು, ಒಂದು ಸೆಂಟಿಮೀಟರ್ ಮೀರಿದರೆ ಮೇಲೆ ಬರುವುದಿಲ್ಲ. ಮುಳ್ಳಿನ ಕೊಂಬೆ ಎಳೆದು, ಮೇಲೆ ಒಂದು ಸಲ ರೋಲರ್ ಉರುಳಿಸಿದರೆ ಸರಿ. ರೋಲರ್ ಇಲ್ಲದಿದ್ದರೆ ಕುರಿಮಂದೆಯನ್ನು ಒಂದು ಸುತ್ತು ಓಡಿಸಿ. ನಾವು ಹಾಗೇ ಮಾಡಿದ್ದು.

ಬೀಜ ಕೊಳ್ಳುವ ಮುಂಚೆ ಒಂದು ಹಿಡಿ ಕೇಳಿ ತಂದು, ಒದ್ದೆ ಗೋಣಿಯಲ್ಲಿ ನೂರು ಕಾಳು ಸುತ್ತಿಟ್ಟು ಎಷ್ಟು ಮೊಳೆಯಿತು ಎಣಿಸಿ. ಅಂಗಡಿಯವರು ಮುಖ ಸಿಂಡರಿಸಿದರೆ ಬೇರೆ ಅಂಗಡಿ ನೋಡಿ.

ಹೊಸ ಹುಲ್ಲಿಗೆ ಕುದುರೆ ಯಾವಾಗ ಬಿಡಬಹುದು?

ಕ್ಯಾಲೆಂಡರ್ ನೋಡಬೇಡಿ, ಕೈಯಲ್ಲಿ ಎಳೆದು ನೋಡಿ. ಕುದುರೆ ಕಚ್ಚುವ ಹಾಗೆ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಜೋರಾಗಿ ಎಳೆಯಿರಿ. ಎಲೆ ಹರಿದರೆ ಬೇರು ಗಟ್ಟಿಯಾಗಿದೆ. ಬುಡವೇ ಕಿತ್ತು ಬಂದರೆ ಗೇಟು ಹಾಕಿಯೇ ಇರಲಿ. ರೋಡ್ಸ್ ಆದರೆ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು. ಮೊದಲ ಸಲ ಕುದುರೆ ಬಿಡುವುದಕ್ಕಿಂತ ಒಂದು ಕೊಯ್ಲು ತೆಗೆಯುವುದೇ ವಾಸಿ.

ಕುದುರೆಯ ಹೊಟ್ಟೆಗೂ ಸಮಯ ಬೇಕು. ಒಣಮೇವಿನ ಮೇಲಿದ್ದದ್ದನ್ನು ಒಮ್ಮೆಗೇ ಹಸಿರಿಗೆ ಬಿಟ್ಟರೆ ಹೊಟ್ಟೆಶೂಲೆ. ಮೊದಲ ದಿನ ಅರ್ಧ ಗಂಟೆ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಎರಡು ವಾರದಲ್ಲಿ ಪೂರ್ತಿ.

ಎಷ್ಟು ತಾಕು ಮಾಡಬೇಕು? ಎಷ್ಟು ದಿನಕ್ಕೆ ಬದಲಿಸಬೇಕು?

ನಮ್ಮಲ್ಲಿ ಐದು, ಜೊತೆಗೆ ಒಂದು ಹಾಳು ತಾಕು. ಕನಿಷ್ಠ ಮೂರಾದರೂ ಬೇಕು. ಒಳಗೆ ಬಿಡುವಾಗ ಗರಿಕೆ ಒಂದು ಗೇಣಿನ ಹತ್ತಿರ ಇರಲಿ, ನಾಲ್ಕು ಬೆರಳಿಗೆ ಇಳಿದ ದಿನ ಹೊರಗೆ ಕರೆದುಕೊಂಡು ಬನ್ನಿ. ರೋಡ್ಸ್ ಇನ್ನೂ ಎತ್ತರ ಉಳಿಸಬೇಕು, ಕೈ ಅಗಲಿಸಿದರೆ ಒಂದು ಚೋಟುದ್ದ. ಮತ್ತೆ ಬೆಳೆಯಲು ಮಳೆಗಾಲದಲ್ಲಿ ಮೂರು ನಾಲ್ಕು ವಾರ, ಚಳಿಗಾಲದಲ್ಲಿ ಅದರ ಎರಡರಷ್ಟು. ಇಲ್ಲಿ ಸಮುದ್ರ ಮಟ್ಟದಿಂದ ಸುಮಾರು 3000 ಅಡಿ, ಡಿಸೆಂಬರಿನಲ್ಲಿ ಹುಲ್ಲು ಮುದುಡಿ ಕೂರುತ್ತದೆ. ಆಗ ಎಷ್ಟು ನೀರು ಬಿಟ್ಟರೂ ಅಷ್ಟೇ.

ಹಾಳು ತಾಕು ಅಂದರೆ ಹಾಳಾಗಲಿ ಅಂತಲೇ ಬಿಟ್ಟ ಜಾಗ. ಲಾಯದ ಪಕ್ಕ 20 ಸೆಂಟ್, ಕೆಳಗೆ ಜಲ್ಲಿಪುಡಿ. ಜೋರು ಮಳೆ ಹಿಡಿದಾಗ, ಹುಲ್ಲು ಬೆಳೆಯದೆ ಇದ್ದಾಗ, ಎಲ್ಲಾ ತಾಕು ಖಾಲಿಯಾದಾಗ ಕುದುರೆಗಳು ಅಲ್ಲೇ ಇರುತ್ತವೆ. ಒದ್ದೆ ನೆಲದಲ್ಲಿ ಮೂರು ಕುದುರೆ ಒಂದು ಮಧ್ಯಾಹ್ನ ಕುಣಿದರೆ ಆರು ತಿಂಗಳ ಕೆಲಸ ಕೆಸರು. ಬಂದವರೆಲ್ಲ ಅದನ್ನು ನೋಡಿ "ಇಷ್ಟು ಹುಲ್ಲಿಟ್ಟುಕೊಂಡು ಪಾಪ ಇಲ್ಲಿ ಯಾಕೆ ಕೂಡಿ ಹಾಕಿದ್ದೀರಿ" ಅಂತಾರೆ. ಹುಲ್ಲು ಇರುವುದೇ ಕೂಡಿ ಹಾಕಿದ್ದಕ್ಕೆ.

ಲದ್ದಿ ದಿನಾ ಹೆಕ್ಕಲೇಬೇಕಾ?

ವಾರಕ್ಕೆ ಎರಡು ಸಲ ಹೆಕ್ಕಿದರೂ ಸಾಕು. ಬಿಡಬಾರದು. ಒಂದು ಕುದುರೆ ದಿನಕ್ಕೆ ಹದಿನೈದು ಕೆಜಿ ಮೇಲೆಯೇ ಹಾಕುತ್ತದೆ. ಅದರಲ್ಲಿರುವ ಹುಳುವಿನ ಮೊಟ್ಟೆ ಬೆಚ್ಚಗಿನ ತೇವದಲ್ಲಿ ಒಂದು ವಾರದಲ್ಲಿ ಮರಿಯಾಗಿ ಹುಲ್ಲಿನ ಎಲೆ ಹತ್ತುತ್ತದೆ, ಮತ್ತೆ ಕುದುರೆಯ ಹೊಟ್ಟೆಗೆ. ಬಾಂಡ್ಲಿಯಲ್ಲಿ ಹೊತ್ತು ತಿಪ್ಪೆಗೆ ಹಾಕಿ, ಮಗುಚಿ, ಕೈ ಇಡಲಾಗದಷ್ಟು ಕಾವು ಬರುವ ಹಾಗೆ ಕೊಳೆಸಿದರೆ ಮೊಟ್ಟೆ ಸಾಯುತ್ತವೆ. ಹಸಿ ಲದ್ದಿಯನ್ನು ತಾಕಿನಲ್ಲೇ ಹಲುಬೆ ಹೊಡೆದು ಹರಡುವುದು ಮಳೆಗಾಲದಲ್ಲಿ ಹುಳು ಬಿತ್ತನೆ ಮಾಡಿದ ಹಾಗೆ. ಏಪ್ರಿಲ್ ಬಿಸಿಲಿನಲ್ಲಿ, ಖಾಲಿ ತಾಕಿನಲ್ಲಿ ಮಾಡಿದರೆ ಪರವಾಗಿಲ್ಲ, ಒಣಗಿ ಸಾಯುತ್ತವೆ.

ಕುದುರೆ ಹಿಂದೆ ಹಸು ಕುರಿ ಬಿಡಬಹುದಾ?

ಧಾರಾಳವಾಗಿ. ಕುದುರೆ ಮೂಸಿ ಬಿಟ್ಟ ಉದ್ದ ಹುಲ್ಲನ್ನು ಹಸು ತಿನ್ನುತ್ತದೆ. ಕುದುರೆಯ ಹೆಚ್ಚಿನ ಹುಳುಗಳು ಹಸುವಿನ ಹೊಟ್ಟೆಯಲ್ಲಿ ಬದುಕುವುದಿಲ್ಲ. ನಮ್ಮ ಎರಡು ಹಳ್ಳಿಕಾರ್ ಹಸುಗಳಿಗೆ ಇದೇ ಕೆಲಸ.

ಯಾವ ಗಿಡ ಕಿತ್ತು ಹಾಕಬೇಕು?

ಕಣಗಿಲೆ ಮೊದಲು. ಪೂಜೆಗೆ ಅಂತ ಬೇಲಿಯಲ್ಲಿ ನೆಟ್ಟಿರುತ್ತಾರೆ. ಒಂದು ಹಿಡಿ ಎಲೆ ಕುದುರೆಯನ್ನು ಕೊಲ್ಲುತ್ತದೆ. ಕತ್ತರಿಸಿ ಬಿಸಾಕಿದ ಒಣ ಎಲೆಯೂ ಅಷ್ಟೇ ವಿಷ. ಹರಳು, ಲಂಟಾನ ಕೂಡ ಬೇಡ. ಗಿಲಿಗಿಲಿ ಕಾಯಿ ಬಿಡುವ ಹಳದಿ ಹೂವಿನ ಗಿಡಗಳಿವೆಯಲ್ಲ, ಹಸಿರೆಲೆ ಗೊಬ್ಬರದ ಸೆಣಬಿನ ಸಂಬಂಧಿಕರು, ಅವು ನಿಧಾನಕ್ಕೆ ಈಲಿ, ಅಂದರೆ ಲಿವರ್, ಕೆಡಿಸುತ್ತವೆ.

ಜನ ನಂಬದೇ ಇರುವುದು ಸುಬಾಬುಲ್ ಮರದ ವಿಷಯ. ಮೇಕೆಗೆ ಹಾಕುತ್ತಾರೆ, ಕುದುರೆಗೇನು ಅಂತಾರೆ. ನಮ್ಮ ಪಕ್ಕದ ಬೇಲಿಯ ಸುಬಾಬುಲ್ ಕೊಂಬೆಗಳನ್ನು ಗಂಡು ಕುದುರೆ ಒಂದು ಬೇಸಿಗೆಯೆಲ್ಲ ತಲೆ ಚಾಚಿ ತಿಂದಿತು. ಬಾಚುವಾಗ ಬಾಲದ ಕೂದಲು ಹಿಡಿ ಹಿಡಿಯಾಗಿ ಕೈಗೆ ಬಂತು. ಕೇಸರವೂ ಉದುರಿ ಕತ್ತು ಬೋಳು. ಅದರಲ್ಲಿ ಮಿಮೋಸಿನ್ ಅನ್ನುವ ವಿಷ ಇದೆ. ಕೊಂಬೆ ಕಡಿಸಿದ ಮೇಲೆ ಕೂದಲು ಮತ್ತೆ ಬಂತು, ಅದಕ್ಕೇ ಒಂದು ವರ್ಷ.

ಇನ್ನೊಂದು ಚಿಕ್ಕದು, ನೆಲಕ್ಕೆ ಅಂಟಿ ಬೆಳೆಯುವ ಕೆಂಪು ಹೂವಿನ ಗಿಡ. ತಮಿಳಿನಲ್ಲಿ ಸೆಪ್ಪು ನೆರಿಂಜಿ. ಬೇರೆ ಹುಲ್ಲು ಸತ್ತಾಗ ಇದು ಮಾತ್ರ ಹಸಿರು, ಹಸಿದ ಕುದುರೆ ಇದನ್ನೇ ಹುಡುಕುತ್ತದೆ. ವಾರಗಟ್ಟಲೆ ತಿಂದರೆ ಹಿಂಗಾಲು ಎಳೆಯುತ್ತಾ ತೂರಾಡುತ್ತದೆ. ಆಸ್ಟ್ರೇಲಿಯಾದಲ್ಲಿ ಇದರಿಂದ ಬರುವ ಕಾಯಿಲೆಗೆ ಒಂದು ಊರಿನ ಹೆಸರೇ ಇದೆ, ಬರ್ಡ್ಸ್‌ವಿಲ್ ರೋಗ ಅಂತ.

ಪಾರ್ಥೇನಿಯಂ ಅನ್ನು ಕುದುರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೂ ಬಿಡುವ ಮುಂಚೆ, ಗ್ಲೌಸ್ ಹಾಕಿಕೊಂಡು ಕೀಳಿ.

ಯೂರಿಯಾ ಹಾಕಲಾ?

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಹುಳಿ ಮಣ್ಣಾದರೆ ಸುಣ್ಣ ಕೇಳುತ್ತದೆ, ಯೂರಿಯಾ ಅಲ್ಲ. ಹಾಕಿದರೂ ಸ್ವಲ್ಪ, ಮಳೆಗೆ ಮುಂಚೆ. ಮೂರು ವಾರ ಕುದುರೆ ಒಳಗೆ ಬರಬಾರದು, ಖಾಲಿ ಚೀಲವೂ ಅದರ ಬಾಯಿಗೆ ಸಿಗಬಾರದು.

ಬೇಲಿ ಹೇಗಿರಬೇಕು? ಆನೆ ಬಂದರೆ?

ಮುಳ್ಳುತಂತಿ ಬೇಡವೇ ಬೇಡ. ಕುದುರೆ ಹೆದರಿದರೆ ಹಿಂದೆ ನೋಡದೆ ನುಗ್ಗುತ್ತದೆ, ಚರ್ಮ ಸೀಳುತ್ತದೆ. ಗಾಯವಾದರೆ ಧನುರ್ವಾಯು ಕುದುರೆಗೆ ಬಂದಷ್ಟು ಸುಲಭವಾಗಿ ಬೇರೆ ಪ್ರಾಣಿಗೆ ಬರುವುದಿಲ್ಲ, ಲಸಿಕೆ ತಪ್ಪಿಸಬೇಡಿ. ಹೊರಗೆ ಕಲ್ಲುಕಂಬ, ನೀಲಗಿರಿ ಗಳ. ಒಳಗೆ ತಾಕು ಬೇರೆ ಮಾಡಲು ಬಿಳಿ ಪಟ್ಟಿಯ ಸೋಲಾರ್ ಬೇಲಿ. ಮನೆ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಅಪರಾಧ, ಕೊಲೆಗೆ ಸಮ.

ಆನೆಗೆ ಇದ್ಯಾವುದೂ ಬೇಲಿಯೇ ಅಲ್ಲ. ರಾಗಿ ತೆನೆ ಬಲಿಯುವ ಕಾಲಕ್ಕೆ ಜವಳಗಿರಿ ಕಾಡಿನ ಕಡೆಯಿಂದ ಬರುತ್ತವೆ. ಆ ತಿಂಗಳುಗಳಲ್ಲಿ ರಾತ್ರಿ ಕುದುರೆಗಳು ಲಾಯದಲ್ಲಿ. ಬೆಳಿಗ್ಗೆ ಬೇಲಿ ಸುತ್ತು ನೋಡಿದ ಮೇಲೆಯೇ ಬಿಡುವುದು.

ಬೇಸಿಗೆಯಲ್ಲಿ ಏನು ಮಾಡುತ್ತೀರಿ?

ಹುಲ್ಲಿಗೆ ಏನೂ ಮಾಡುವುದಿಲ್ಲ, ಅದನ್ನು ಮಲಗಲು ಬಿಡುತ್ತೇವೆ. ಕುದುರೆಗಳು ಹಾಳು ತಾಕಿನಲ್ಲಿ. ಕೊಯ್ದಿಟ್ಟ ರೋಡ್ಸ್, ರಾಗಿ ಹುಲ್ಲು, ಮಸಾಲ್ ಸೊಪ್ಪು. ಎಳೇ ಜೋಳದ ದಂಟು ಬಾಡಿದ್ದರೆ ಅದರಲ್ಲಿ ಸಯನೈಡ್ ವಿಷ ಇರುತ್ತದೆ, ಅದು ಬೇಡ.

ಮೇವನ್ನು ಬರೀ ನೆಲಕ್ಕೆ ಹಾಕಬೇಡಿ. ಮಣ್ಣು ಮರಳು ಸೇರಿ ಹೊಟ್ಟೆಯಲ್ಲಿ ಕೂರುತ್ತದೆ. ಅನುಮಾನ ಇದ್ದರೆ ನಾಲ್ಕು ಉಂಡೆ ಲದ್ದಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಅರ್ಧ ಗಂಟೆ ಬಿಟ್ಟು ಮೆಲ್ಲಗೆ ಬಗ್ಗಿಸಿ. ತಳದಲ್ಲಿ ಒಂದು ಚಮಚ ಮರಳು ಕಂಡರೆ ಡಾಕ್ಟರಿಗೆ ಫೋನ್ ಮಾಡಿ.

ಎಷ್ಟು ಖರ್ಚಾಗುತ್ತದೆ?

ಬೀಜಕ್ಕಿಂತ ಬೇಲಿಗೆ ಜಾಸ್ತಿ. ಬೇಲಿಗಿಂತ ಆಳಿಗೆ ಜಾಸ್ತಿ.

ಈ ಸೀಮೆ ಕುದುರೆಗೆ ಆಗಿಬರುತ್ತದಾ?

ಹೊಸೂರಿನ ಪಕ್ಕದ ಮತ್ತಿಗಿರಿಯ ಸರ್ಕಾರಿ ಜಾನುವಾರು ಫಾರಂ 1824ರಲ್ಲಿ ಶುರುವಾದದ್ದೇ ಸೇನೆಗೆ ಕುದುರೆ ಸಾಕಲು. ಗಾಳಿ ತಂಪು, ನೆಲ ನೀರು ಬಸಿಯುತ್ತದೆ. ನಮಗಿಂತ ಮುಂಚೆಯೇ ಯಾರೋ ಲೆಕ್ಕ ಹಾಕಿದ್ದಾರೆ.

ಅಕ್ಕ, ಗಣೇಶನ ಹಬ್ಬಕ್ಕೆ ನಿಮ್ಮ ಬಯಲಿನಲ್ಲಿ ಗರಿಕೆ ಕಿತ್ತುಕೊಳ್ಳಬಹುದಾ?

ಪ್ರತಿ ವರ್ಷ ಕೇಳುತ್ತಾರೆ, ನಿಜವಾಗಿಯೂ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಕಿತ್ತುಕೊಳ್ಳಿ, ಮೂರನೇ ತಾಕಿನಲ್ಲಿ ಎಳೇದಿದೆ. ಹೋಗುವಾಗ ಗೇಟು ಹಾಕಿಕೊಂಡು ಹೋಗಿ. ಅಗುಳಿ ಸಡಿಲ ಇದೆ, ಸ್ವಲ್ಪ ಎತ್ತಿ ತಳ್ಳಬೇಕು.